ವ್ರತವೋ, ವಿಧಿಯೋ? — ಕ್ಯಾಥೊಲಿಕ್ ಯಾಜಕರ ಬ್ರಹ್ಮಚರ್ಯ: ಒಂದು ಪರಿಶೀಲನೆ

ಸಂಸಾರವನ್ನು ತೊರೆದವನು ದೇವರಿಗೆ ಹತ್ತಿರನೋ, ಸಂಸಾರದಲ್ಲಿದ್ದುಕೊಂಡೇ ದೇವರನ್ನು ನೆನೆದವನು ಹತ್ತಿರನೋ ಎಂಬ ಪ್ರಶ್ನೆ ಬಹು ಪುರಾತನವಾದುದು. ವಿರಕ್ತ ಪರಂಪರೆಯನ್ನೂ ಗೃಹಸ್ಥ ಜಂಗಮ ಪರಂಪರೆಯನ್ನೂ ಹತ್ತಿರದಿಂದ ಕಂಡಿರುವ ಈ ಪತ್ರಿಕೆಯ ಓದುಗರಿಗೆ ಅದು ಅಪರಿಚಿತವೇನೂ ಅಲ್ಲ. ಇದೇ ಪ್ರಶ್ನೆ ಕ್ರೈಸ್ತ ಪ್ರಪಂಚದಲ್ಲಿ, ಅದರಲ್ಲಿಯೂ ರೋಮನ್ ಕ್ಯಾಥೊಲಿಕ್ ಧರ್ಮಸಭೆಯಲ್ಲಿ, ಒಂದು ಸಾವಿರದ ಆರುನೂರು ವರ್ಷಗಳಿಗೂ ಮಿಗಿಲಾಗಿ ಚರ್ಚೆಗೆ ಒಳಗಾಗುತ್ತ ಬಂದಿದೆ. ಅಲ್ಲಿ ಯಾಜಕನಾಗಬಯಸುವವನು ಅವಿವಾಹಿತನಾಗಿಯೇ ಇರತಕ್ಕದ್ದೆಂಬ ಕಟ್ಟಳೆಯಿದೆ. ಈ ಕಟ್ಟಳೆಯನ್ನು ಸಮರ್ಥಿಸಿ ಆರನೆಯ ಪೌಲ ಪೋಪರು 1967ನೆಯ ಇಸವಿ ಜೂನ್ 24ರಂದು 'ಸಾಚೆರ್ದೊತಾಲಿಸ್ ಚೆಲಿಬಾತುಸ್' ಎಂಬ ಪರಿಪತ್ರವನ್ನು ಹೊರಡಿಸಿದರು. ಯಾಜಕರ ಬ್ರಹ್ಮಚರ್ಯ ಎಂಬುದೇ ಆ ಲ್ಯಾಟಿನ್ ಹೆಸರಿನ ಅರ್ಥ. ಆ ಪರಿಪತ್ರವನ್ನು ಮುಂದಿಟ್ಟುಕೊಂಡು ಈ ಪದ್ಧತಿಯ ಬಲಾಬಲಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಧರ್ಮವೊಂದರ ಆಚಾರವನ್ನು ವಿಮರ್ಶಿಸುವಾಗ ಇರಬೇಕಾದ ಸಂಯಮವನ್ನು ಮರೆಯದೆ, ಆ ಧರ್ಮದವರೇ ಒಪ್ಪಿಕೊಂಡಿರುವ ಸಂಗತಿಗಳನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಮೊದಲು ಪರಿಪತ್ರದ ಹಿನ್ನೆಲೆಯನ್ನು ತಿಳಿಯಬೇಕು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. ಲೋಕದ ನಾನಾ ಭಾಗಗಳಿಂದ ಬಂದ ಬಿಷಪ್ಪರು ಅಲ್ಲಿ ನೆರೆದು, ಪೂಜೆಯ ಭಾಷೆಯಿಂದ ಹಿಡಿದು ಅನ್ಯಧರ್ಮಗಳೊಡನೆ ಇರಬೇಕಾದ ಸಂಬಂಧದವರೆಗೆ ಎಲ್ಲವನ್ನೂ ಚರ್ಚಿಸಿದರು. ಯಾಜಕರ ಬ್ರಹ್ಮಚರ್ಯದ ವಿಷಯವೂ ಸಭೆಯಲ್ಲಿ ಏಳುವುದರಲ್ಲಿತ್ತು. ಆದರೆ 1965ರ ಅಕ್ಟೋಬರಿನಲ್ಲಿ ಪೋಪರು ಪತ್ರವೊಂದನ್ನು ಕಳುಹಿಸಿ, ಅದರ ಬಹಿರಂಗ ಚರ್ಚೆ ಸಮಯೋಚಿತವಲ್ಲವೆಂದು ತಿಳಿಸಿದರು. ಚರ್ಚೆ ಅಲ್ಲಿಗೇ ನಿಂತಿತು. ಅದೇ ವರ್ಷದ ಡಿಸೆಂಬರ್ 7ರಂದು ಪ್ರಕಟವಾದ ಯಾಜಕರನ್ನು ಕುರಿತ ನಿರ್ಣಯವು, ಬ್ರಹ್ಮಚರ್ಯವು ಯಾಜಕತ್ವದ ಸ್ವರೂಪದಿಂದಲೇ ಅನಿವಾರ್ಯವಾಗಿ ಹುಟ್ಟುವುದಲ್ಲವೆಂದು ಸ್ಪಷ್ಟವಾಗಿ ಒಪ್ಪಿಕೊಂಡಿತು. ಒಪ್ಪಿಕೊಂಡೂ ಪಾಶ್ಚಾತ್ಯ ಸಭೆಯಲ್ಲಿ ಆ ವಿಧಿಯನ್ನು ದೃಢಪಡಿಸಿತು. ಎರಡು ವರ್ಷಗಳ ತರುವಾಯ ಬಂದ ಪರಿಪತ್ರವು ಈ ಒಪ್ಪಿಗೆಗೂ ಈ ದೃಢೀಕರಣಕ್ಕೂ ನಡುವೆ ಉಳಿದ ಬಿರುಕನ್ನು ಮುಚ್ಚಲು ಮಾಡಿದ ಪ್ರಯತ್ನವೆನ್ನಬಹುದು.

ಪರಿಪತ್ರದ ಗುಣವನ್ನು ಮೊದಲು ಹೇಳುವುದು ನ್ಯಾಯ. ಅಧಿಕಾರದ ಪೀಠದಿಂದ ಹೊರಡುವ ಆಜ್ಞಾಪತ್ರಗಳು ಸಾಮಾನ್ಯವಾಗಿ ಎದುರುವಾದವನ್ನು ಹೆಸರಿಸುವುದಿಲ್ಲ. ಇದಾದರೋ ಆರಂಭದಲ್ಲಿಯೇ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಯೇಸು ತನ್ನ ಶಿಷ್ಯರಿಂದ ಬ್ರಹ್ಮಚರ್ಯವನ್ನು ಕಡ್ಡಾಯವಾಗಿ ಬೇಡಲಿಲ್ಲವೆಂಬುದು ಒಂದು. ಪ್ರಾಚೀನ ಆಚಾರ್ಯರು ಹೇಳಿದ ಕಾರಣಗಳು ಇಂದಿನ ಮನಸ್ಸಿಗೆ ಹೊಂದುವುದಿಲ್ಲವೆಂಬುದು ಮತ್ತೊಂದು. ಯಾಜಕತ್ವದ ಕರೆ ಬಂದವನಿಗೆಲ್ಲ ಬ್ರಹ್ಮಚರ್ಯದ ವರವೂ ಬಂದಿರುತ್ತದೆಂದು ಭಾವಿಸಲು ಸಾಧ್ಯವೇ, ಯಾಜಕರ ಕೊರತೆಗೆ ಇದೇ ಕಾರಣವಲ್ಲವೇ, ಇದು ಪ್ರಕೃತಿಗೆ ವಿರೋಧವಲ್ಲವೇ, ಎಳೆಯ ವಯಸ್ಸಿನ ವಿದ್ಯಾರ್ಥಿ ಇದರ ಭಾರವನ್ನು ಅರಿತು ಒಪ್ಪುತ್ತಾನೆಯೇ — ಹೀಗೆ ಎಲ್ಲ ಪ್ರಶ್ನೆಗಳೂ ಅಲ್ಲಿ ಬರುತ್ತವೆ. ವಿರೋಧಿಯ ಮಾತನ್ನು ವಿರೂಪಗೊಳಿಸದೆ ಮುಂದಿಡುವ ಈ ಪ್ರಾಮಾಣಿಕತೆ ಪ್ರಶಂಸೆಗೆ ಅರ್ಹವಾದುದು.

ಉತ್ತರರೂಪವಾಗಿ ಪೋಪರು ಬ್ರಹ್ಮಚರ್ಯಕ್ಕೆ ಮೂರು ಅರ್ಥಗಳನ್ನು ಹೇಳುತ್ತಾರೆ. ಮೊದಲನೆಯದು, ಅವಿವಾಹಿತನಾಗಿ ಬಾಳಿದ ಕ್ರಿಸ್ತನನ್ನು ಯಾಜಕನು ತನ್ನ ಬಾಳಿನಲ್ಲಿ ಅನುಸರಿಸುವುದು. ಎರಡನೆಯದು, ಒಂದು ಮನೆಯ ಬಂಧನವಿಲ್ಲದೆ ಅವಿಭಕ್ತವಾದ ಹೃದಯದಿಂದ ಭಕ್ತಸಮುದಾಯಕ್ಕೆಲ್ಲ ತಂದೆಯಾಗುವುದು. ಮೂರನೆಯದು, ಮದುವೆಯೆಂಬ ವ್ಯವಸ್ಥೆಯಿಲ್ಲದ ಪರಲೋಕದ ಬಾಳನ್ನು ಇಹದಲ್ಲಿಯೇ ಸೂಚಿಸುವುದು. ಇವು ಮೂರೂ ಗಂಭೀರವಾದ ಅರ್ಥಗಳೇ. ತ್ಯಾಗವನ್ನು ಕಂಡರಿಯದವರು ಮಾತ್ರ ಇವನ್ನು ಲಘುವಾಗಿ ಕಾಣಬಲ್ಲರು. ಹಂಗಿಲ್ಲದೆ, ಹೊತ್ತುಗೊತ್ತಿಲ್ಲದೆ ಜನರ ಕಷ್ಟಕ್ಕೆ ಒದಗುವ ಒಬ್ಬ ಬ್ರಹ್ಮಚಾರಿಯ ಬಾಳು ಊರಿಗೆ ಏನಾಗಬಲ್ಲುದೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ತರ್ಕವು ಎಡವುವುದು ಇಲ್ಲಿಯೇ. ಮೂರು ಅರ್ಥಗಳೂ ಬ್ರಹ್ಮಚರ್ಯವು ಎಷ್ಟು ಶ್ರೇಷ್ಠವೆಂಬುದನ್ನು ತೋರಿಸುತ್ತವೆ. ಅದು ಎಲ್ಲ ಯಾಜಕರಿಗೂ ಏಕೆ ಕಡ್ಡಾಯವಾಗಬೇಕೆಂಬುದನ್ನು ತೋರಿಸುವುದಿಲ್ಲ. ಬ್ರಹ್ಮಚರ್ಯವು ದೇವರು ಕೊಡುವ ವರವೆಂದು ಪರಿಪತ್ರವೇ ಮತ್ತೆ ಮತ್ತೆ ಹೇಳುತ್ತದೆ. ವರವಾದರೆ ಅದು ಕೊಟ್ಟವರಿಗೆ ಮಾತ್ರ ಉಂಟು. ಕಾನೂನಾದರೆ ಎಲ್ಲರಿಗೂ ಒಂದೇ. ಕ್ಯಾಥೊಲಿಕ್ ಸಭೆಯ ಒಳಗೇ ಈ ಭೇದವು ಸ್ಪಷ್ಟವಾಗಿದೆ. ಸಂತ ಫ್ರಾನ್ಸಿಸರ ಸಂಘ, ಯೇಸು ಸಂಘ ಮೊದಲಾದ ಸನ್ಯಾಸಿ ಸಂಘಗಳಿಗೆ ಸೇರುವವನು ಬಡತನ, ಬ್ರಹ್ಮಚರ್ಯ, ವಿಧೇಯತೆಗಳನ್ನು ವ್ರತವಾಗಿ ತೊಡುತ್ತಾನೆ. ಆ ಬಾಳಿಗೆಂದೇ ಆತ ಮನೆಬಿಟ್ಟು ಬಂದವನು. ಊರಿನ ಚರ್ಚನ್ನು ನೋಡಿಕೊಳ್ಳಲು ಬಿಷಪ್ಪನ ಕೈಕೆಳಗೆ ಸೇರುವ ಸಾಮಾನ್ಯ ಯಾಜಕನ ಸ್ಥಿತಿ ಹಾಗಲ್ಲ. ಆತನಿಗೆ ಬಂದ ಕರೆ ಜನರ ಸೇವೆಯದು, ಪೂಜೆಯದು, ಬೋಧನೆಯದು. ಬ್ರಹ್ಮಚರ್ಯವು ಆ ಕರೆಯೊಡನೆ ಬಂದ ನಿಬಂಧನೆ. ಒಂದು ವ್ರತ, ಇನ್ನೊಂದು ವಿಧಿ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆಯಾದರೂ ಒಳಗೆ ಬೇರೆ ಬೇರೆ. ಪರಿಪತ್ರವು ವ್ರತದ ಮಹಿಮೆಯನ್ನು ಹಾಡಿ ವಿಧಿಯನ್ನು ಸಮರ್ಥಿಸುತ್ತದೆ. ಅದರ ಮೂಲದೋಷ ಇದು.

ಇತಿಹಾಸವನ್ನು ನೋಡಿದರೆ ಈ ಮಾತು ಇನ್ನಷ್ಟು ವಿಶದವಾಗುತ್ತದೆ. ಮೊದಲ ಪೋಪನೆಂದು ಕ್ಯಾಥೊಲಿಕರು ಗೌರವಿಸುವ ಪೇತ್ರನು ಮದುವೆಯಾದವನು. ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಯೇಸು ಗುಣಪಡಿಸಿದ ಪ್ರಸಂಗ ಸುವಾರ್ತೆಗಳಲ್ಲಿಯೇ ಇದೆ. ತಿಮೊಥೆಯನಿಗೆ ಬರೆದ ಪತ್ರವು ಸಭೆಯ ಮೇಲ್ವಿಚಾರಕನು ಏಕಪತ್ನಿಯುಳ್ಳವನಾಗಿರಬೇಕೆಂದು ವಿಧಿಸುತ್ತದೆ. ಮೊದಲ ಶತಮಾನಗಳಲ್ಲಿ ಗೃಹಸ್ಥ ಯಾಜಕರೂ ಬ್ರಹ್ಮಚಾರಿ ಯಾಜಕರೂ ಜೊತೆಜೊತೆಯಾಗಿ ಇದ್ದರು. ಸುಮಾರು 305ರಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಸಭೆಯು ಯಾಜಕರು ತಮ್ಮ ಪತ್ನಿಯರಿಂದ ದೂರವಿರಬೇಕೆಂದು ಕಟ್ಟಳೆ ಮಾಡಿತು. 385ರಲ್ಲಿ ಸಿರಿಸಿಯಸ್ ಪೋಪನು ಸ್ಪೇನಿನ ಬಿಷಪ್ಪನೊಬ್ಬನಿಗೆ ಬರೆದ ಪತ್ರವೂ ಅದನ್ನೇ ವಿಧಿಸಿತು. ನಿತ್ಯವೂ ಪೂಜೆಯನ್ನು ಅರ್ಪಿಸುವ ಕೈಗಳು ಸದಾ ಮಡಿಯಾಗಿರಬೇಕೆಂಬುದು ಆಗಿನ ಮುಖ್ಯ ವಾದ. ದಾಂಪತ್ಯವನ್ನು ಮೈಲಿಗೆಯೆಂದು ಕಾಣುವ ಈ ವಾದವನ್ನು ಇಂದಿನ ಕ್ಯಾಥೊಲಿಕ್ ಸಭೆಯೇ ಮುಂದಿಡುವುದಿಲ್ಲ. ಅದು ಮದುವೆಯನ್ನು ಏಳು ಸಂಸ್ಕಾರಗಳಲ್ಲಿ ಒಂದಾಗಿ ಎಣಿಸುತ್ತದೆ. ಕಾರಣವು ಬಿದ್ದುಹೋದ ಮೇಲೂ ಕಟ್ಟಳೆ ಮಾತ್ರ ನಿಂತಿದೆ, ಹೊಸ ಕಾರಣಗಳನ್ನು ಊರುಗೋಲಾಗಿ ಹಿಡಿದು.

ಮಡಿಯ ವಾದದ ಬೆನ್ನಿಗೆ ಆಸ್ತಿಯ ಪ್ರಶ್ನೆಯೂ ಬಂದಿತು. ಯಾಜಕನಿಗೆ ಮಕ್ಕಳಿದ್ದರೆ ಚರ್ಚಿನ ಭೂಮಿಕಾಣಿಗಳು ಅವರ ಪಾಲಾಗುವವೆಂಬ ಭಯ ಮಧ್ಯಯುಗದಲ್ಲಿ ಪ್ರಬಲವಾಗಿತ್ತು. 1022ರಲ್ಲಿ ಇಟಲಿಯ ಪಾವಿಯಾದಲ್ಲಿ ಎಂಟನೆಯ ಬೆನೆಡಿಕ್ಟ್ ಪೋಪನ ಅಧ್ಯಕ್ಷತೆಯಲ್ಲಿ ಸೇರಿದ ಸಭೆಯು ಯಾಜಕರ ಮಕ್ಕಳನ್ನು ಚರ್ಚಿನ ಜೀತದಾಳುಗಳೆಂದು ಸಾರಿತು. 1089ರಲ್ಲಿ ಮೆಲ್ಫಿಯಲ್ಲಿ ಎರಡನೆಯ ಅರ್ಬನ್ ಪೋಪನ ಸಭೆಯು, ಸಂಗಾತಿಯನ್ನು ಬಿಡಲೊಪ್ಪದ ಉಪಯಾಜಕರ ಪತ್ನಿಯರನ್ನು ರಾಜರು ದಾಸಿಯರನ್ನಾಗಿ ಮಾಡಿಕೊಳ್ಳಬಹುದೆಂದಿತು. ಕಡೆಗೆ 1139ರ ಎರಡನೆಯ ಲ್ಯಾಟರನ್ ಮಹಾಸಭೆಯು ಯಾಜಕರ ಮದುವೆ ಮದುವೆಯೇ ಅಲ್ಲವೆಂದು ವಿಧಿಸಿತು. ಒಂದು ಕಾಲದಲ್ಲಿ ಧರ್ಮಪತ್ನಿಯಾಗಿದ್ದವಳು ಮರುಗಳಿಗೆಯಲ್ಲಿ ಉಪಪತ್ನಿಯಾದಳು. ಅವಳ ಮಕ್ಕಳು ಅಕ್ರಮ ಸಂತಾನವಾದರು. ಪರಿಪತ್ರದ ಇತಿಹಾಸಭಾಗದಲ್ಲಿ ಸಭೆಗಳ, ಪೋಪರ, ಆಚಾರ್ಯರ ಪ್ರಸ್ತಾಪ ಬರುತ್ತದೆ. ಪಾವಿಯಾ ಮೆಲ್ಫಿಗಳು ಬರುವುದಿಲ್ಲ. ಈ ಸ್ತ್ರೀಯರ, ಈ ಮಕ್ಕಳ ನೆನಪೂ ಬರುವುದಿಲ್ಲ. ಯಾಜಕನು ಮಾಡಿದ ತ್ಯಾಗವನ್ನು ಕೊಂಡಾಡುವಾಗ, ವ್ರತವನ್ನು ತಾವು ತೊಡದೆಯೇ ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಕೇಳದಿದ್ದರೆ ವಿಚಾರವು ಅಪೂರ್ಣ. ಇದು ಹಳೆಯ ಕಥೆಯಷ್ಟೇ ಎನ್ನುವಂತಿಲ್ಲ. ಯಾಜಕರಿಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ತನ್ನಲ್ಲಿ ಆಂತರಿಕ ಸೂಚನೆಗಳಿವೆಯೆಂದು ವ್ಯಾಟಿಕನ್ ಬಹಿರಂಗವಾಗಿ ಒಪ್ಪಿಕೊಂಡದ್ದು 2019ರಲ್ಲಿ.

ಇನ್ನು ಪೂರ್ವದಿಕ್ಕಿನ ಸಂಗತಿ. 691-692ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಅರಮನೆಯ ಟ್ರುಲ್ಲೊ ಸಭಾಂಗಣದಲ್ಲಿ ಸೇರಿದ ಸಭೆಯು ಬೇರೊಂದು ದಾರಿಯನ್ನು ಹಿಡಿಯಿತು. ಮದುವೆಯಾದವನು ಯಾಜಕನಾಗಬಹುದು, ಪತ್ನಿಯೊಡನೆ ಬಾಳಬಹುದು. ಆದರೆ ಯಾಜಕನಾದ ಮೇಲೆ ಮದುವೆಯಾಗುವಂತಿಲ್ಲ. ಬಿಷಪ್ಪನಾಗುವವನು ಪತ್ನಿಯನ್ನು ಅಗಲಿರಬೇಕು — ಇದು ಆ ಸಭೆಯ ನಿಯಮ. ಪೌರಸ್ತ್ಯ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಇದೇ ದಾರಿಯಲ್ಲಿವೆ. ಮುಖ್ಯವಾದ ಸಂಗತಿಯೆಂದರೆ, ರೋಮಿನ ಪೋಪರನ್ನೇ ಮುಖ್ಯಸ್ಥರೆಂದು ಒಪ್ಪಿರುವ ಪೌರಸ್ತ್ಯ ಕ್ಯಾಥೊಲಿಕ್ ಸಭೆಗಳು ಇಪ್ಪತ್ತಮೂರಿವೆ. ಅವುಗಳಲ್ಲಿ ಬಹುಪಾಲು ಸಭೆಗಳು ಗೃಹಸ್ಥ ಯಾಜಕರನ್ನು ಒಪ್ಪುತ್ತವೆ. 1990ರ ಪೌರಸ್ತ್ಯ ಸಭೆಗಳ ಕಾನೂನು ಸಂಹಿತೆಯು ಬ್ರಹ್ಮಚರ್ಯವನ್ನು ಹೊಗಳಿದ ಉಸಿರಿನಲ್ಲಿಯೇ ಗೃಹಸ್ಥ ಯಾಜಕರ ಪದ್ಧತಿಯನ್ನೂ ಗೌರವಿಸಬೇಕೆನ್ನುತ್ತದೆ. ಪರಿಪತ್ರವೂ ಇದನ್ನು ಮರೆಮಾಡುವುದಿಲ್ಲ. ಆದರೆ ಪೂರ್ವದ ಸಭೆಗಳ ಪರಿಸ್ಥಿತಿ ಬೇರೆಯೆಂದು ಹೇಳಿ ಮುಂದೆ ಸಾಗುತ್ತದೆ. ಒಂದೇ ಧರ್ಮಸಭೆಯಲ್ಲಿ, ಒಂದೇ ಪೂಜೆಯನ್ನು ಸಲ್ಲಿಸುವ ಇಬ್ಬರಲ್ಲಿ ಒಬ್ಬನಿಗೆ ಮದುವೆ ಅಡ್ಡಿಯಾಗದಿದ್ದರೆ ಇನ್ನೊಬ್ಬನಿಗೆ ಏಕೆ ಅಡ್ಡಿಯೆಂಬ ಪ್ರಶ್ನೆಗೆ ಅದು ಉತ್ತರವಾಗಲಾರದು.

ಈ ಎರಡು ಪದ್ಧತಿಗಳು ಒಂದೇ ಊರಿನಲ್ಲಿ ಎದುರುಬದುರಾದಾಗ ಏನಾಯಿತೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ಪೂರ್ವ ಯೂರೋಪಿನಿಂದ ವಲಸೆ ಹೋಗಿದ್ದ ಗ್ರೀಕ್ ಕ್ಯಾಥೊಲಿಕರ ಸೇವೆಗಾಗಿ ಅಲೆಕ್ಸಿಸ್ ಟೋಥ್ ಎಂಬ ಯಾಜಕರು ಮಿನಿಯಾಪೊಲಿಸ್ ನಗರಕ್ಕೆ ಬಂದು, 1889ರಲ್ಲಿ ಅಲ್ಲಿಯ ಲ್ಯಾಟಿನ್ ಆರ್ಚ್‌ಬಿಷಪ್ ಜಾನ್ ಐರ್ಲೆಂಡರನ್ನು ಕಂಡರು. ಟೋಥರು ವಿಧುರರು. ಅವರಿಗೆ ಒಮ್ಮೆ ಪತ್ನಿಯಿದ್ದಳೆಂಬುದೂ ಆರ್ಚ್‌ಬಿಷಪ್ಪರ ಅಸಮಾಧಾನಕ್ಕೆ ಕಾರಣವಾಯಿತು. ಸೇವೆಗೆ ಅನುಮತಿ ದೊರೆಯಲಿಲ್ಲ. 1891ರಲ್ಲಿ ಟೋಥರು ತಮ್ಮ ಭಕ್ತರೊಡನೆ ರಷ್ಯನ್ ಆರ್ಥೊಡಾಕ್ಸ್ ಸಭೆಯನ್ನು ಸೇರಿದರು. ಅವರ ಹಿಂದೆ ಸಾವಿರಾರು ಮಂದಿ ಹೋದರು. ರೋಮ್ ಪಾಠ ಕಲಿಯಲಿಲ್ಲ. 1929ರಲ್ಲಿ ಅಮೆರಿಕದಲ್ಲಿ ಪೌರಸ್ತ್ಯ ಕ್ಯಾಥೊಲಿಕರೂ ಬ್ರಹ್ಮಚಾರಿ ಯಾಜಕರನ್ನೇ ಹೊಂದಿರಬೇಕೆಂದು ಆಜ್ಞೆ ಹೊರಟಿತು. ಮತ್ತೊಂದು ಒಡಕುಂಟಾಗಿ 1938ರಲ್ಲಿ ಹೊಸದೊಂದು ಆರ್ಥೊಡಾಕ್ಸ್ ಪ್ರಾಂತ ಹುಟ್ಟಿತು. ಆ ನಿಷೇಧವನ್ನು ಫ್ರಾನ್ಸಿಸ್ ಪೋಪರ ಕಾಲದಲ್ಲಿ, 2014ರಲ್ಲಿ, ತೆಗೆದುಹಾಕಲಾಯಿತು. ಐಕ್ಯವನ್ನು ಕಾಯಬೇಕಾದ ಕಟ್ಟಳೆಯೇ ಮನೆಯನ್ನು ಎರಡು ಬಾರಿ ಒಡೆದ ಮೇಲೆ ಅದು ಬೇಕಿರಲಿಲ್ಲವೆಂದು ಗೊತ್ತಾಯಿತು.

ಭಾರತಕ್ಕೂ ಈ ಇತಿಹಾಸದಲ್ಲಿ ಪಾಲುಂಟು. ಕೇರಳದ ಸಂತ ತೋಮನ ಕ್ರೈಸ್ತರಲ್ಲಿ ಕತ್ತನಾರ್ ಎಂದು ಕರೆಯಲ್ಪಡುತ್ತಿದ್ದ ಯಾಜಕರು ಪೂರ್ವದಿಂದಲೂ ಮದುವೆಯಾಗುತ್ತಿದ್ದರು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಅವರು ಪತ್ನಿಯರನ್ನು ತೊರೆಯಬೇಕೆಂದು ವಿಧಿಸಿದರು. 1653ರ ಕೂನನ್ ಶಿಲುಬೆಯ ಪ್ರತಿಜ್ಞೆಯಲ್ಲಿ ಸಿಡಿದ ಅಸಮಾಧಾನಕ್ಕೆ ಪೋರ್ಚುಗೀಸರ ಇಂಥ ಅನೇಕ ಹೇರಿಕೆಗಳು ಕಾರಣವಾಗಿದ್ದವು. ರೋಮಿನೊಡನೆ ಉಳಿದ ಸೀರೋ-ಮಲಬಾರ್ ಸಭೆಯು ಪೌರಸ್ತ್ಯ ಸಭೆಯಾಗಿದ್ದೂ ಇಂದು ಬ್ರಹ್ಮಚಾರಿ ಯಾಜಕರನ್ನೇ ಹೊಂದಿದೆ. ಬೇರೆಯಾದ ಆರ್ಥೊಡಾಕ್ಸ್, ಯಾಕೋಬೈಟ್ ಸಭೆಗಳಲ್ಲಿ ಗೃಹಸ್ಥ ಯಾಜಕರಿದ್ದಾರೆ. 1999ರಲ್ಲಿ ಬೆಳ್ತಂಗಡಿಯಲ್ಲಿ ಸೀರೋ-ಮಲಬಾರ್ ಧರ್ಮಪ್ರಾಂತ ಸ್ಥಾಪನೆಯಾದಂದಿನಿಂದ ಈ ಪರಂಪರೆ ಕನ್ನಡ ನಾಡಿನೊಳಗೂ ತನ್ನದೇ ಪೀಠವನ್ನು ಪಡೆದಿದೆ. ಒಂದೇ ಬೇರಿನ ಎರಡು ಕೊಂಬೆಗಳಲ್ಲಿ ಒಂದಕ್ಕೆ ಗಾರ್ಹಸ್ಥ್ಯ, ಇನ್ನೊಂದಕ್ಕೆ ಬ್ರಹ್ಮಚರ್ಯ; ಈ ಭೇದವನ್ನು ತಂದದ್ದು ಹೊರಗಿನ ಆಜ್ಞೆ.

ಪರಿಪತ್ರದ ಅತ್ಯಂತ ಬಲವಾದ ವಾದ ಅವಿಭಕ್ತ ಹೃದಯದ್ದು. ಸಂಸಾರವುಳ್ಳವನ ಮನಸ್ಸು ಹಂಚಿಹೋಗಿರುತ್ತದೆ, ಬ್ರಹ್ಮಚಾರಿಯದು ಇಡಿಯಾಗಿರುತ್ತದೆಂಬ ಮಾತು. ಅನುಭವವು ಇದನ್ನು ಅರ್ಧ ಮಾತ್ರ ಅನುಮೋದಿಸುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದು, ಮುಂದೆ ಕುಷ್ಠರೋಗಿಗಳಿಗೂ ಆಶ್ರಯ ಕಲ್ಪಿಸಿದ ಫಾದರ್ ಮುಲ್ಲರ್ ಯೇಸು ಸಂಘದ ವ್ರತಧಾರಿ. ಅದೇ ಕರಾವಳಿಯಲ್ಲಿ ದುಡಿದು 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ಪ್ರಾಟೆಸ್ಟೆಂಟ್ ಪಾದ್ರಿ, ಗೃಹಸ್ಥರು. ಇವರಲ್ಲಿ ಯಾರ ಹೃದಯ ಹಂಚಿಹೋಗಿತ್ತೆಂದು ಹೇಳೋಣ?

ಇದಕ್ಕಿಂತ ಕಠಿಣವಾದ ಪರೀಕ್ಷೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಾಜಿಗಳ ಸೆರೆಶಿಬಿರಗಳಲ್ಲಿ ನಡೆಯಿತು. ಫ್ರಾನ್ಸಿಸ್ಕನ್ ಸನ್ಯಾಸಿ ಮಾಕ್ಸಿಮಿಲಿಯನ್ ಕೋಲ್ಬೆ ಆಶ್ವಿಟ್ಸ್ ಶಿಬಿರದಲ್ಲಿದ್ದರು. ಹಸಿವಿನಿಂದ ಸಾಯಿಸಲು ಆರಿಸಲಾದ ಹತ್ತು ಮಂದಿಯಲ್ಲಿ ಒಬ್ಬನು ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟಾಗ, ಕೋಲ್ಬೆ ಮುಂದೆ ಬಂದು ಅವನ ಸ್ಥಾನವನ್ನು ತಾವು ತೆಗೆದುಕೊಂಡರು; 1941ರ ಆಗಸ್ಟ್ 14ರಂದು ಪ್ರಾಣಬಿಟ್ಟರು. ತನಗೆ ಸಂಸಾರವಿಲ್ಲದವನು ಮತ್ತೊಬ್ಬನ ಸಂಸಾರವನ್ನು ಉಳಿಸಿದ. ಬ್ರಹ್ಮಚರ್ಯದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ಪರಿಪತ್ರವೂ ಹೇಳಲಾರದು. ಅದೇ ಕಾಲದಲ್ಲಿ ಓಮೆಲ್ಯಾನ್ ಕೊವ್ಚ್ ಎಂಬ ಉಕ್ರೇನಿನ ಗ್ರೀಕ್ ಕ್ಯಾಥೊಲಿಕ್ ಯಾಜಕರು ಮಾಯ್ದಾನೆಕ್ ಶಿಬಿರದಲ್ಲಿದ್ದರು. ಅವರು ಆರು ಮಕ್ಕಳ ತಂದೆ. ಯೆಹೂದ್ಯರಿಗೆ ದೀಕ್ಷಾಸ್ನಾನವಿತ್ತು ಕಾಪಾಡಲೆತ್ನಿಸಿದ್ದು ಅವರ ಅಪರಾಧ. ಮನೆಯವರು ಬಿಡುಗಡೆಗೆ ಪ್ರಯತ್ನಿಸುತ್ತಿದ್ದಾಗ, ಸಾಯುವವರ ಬಳಿ ತಾನಿರಬೇಕಾಗಿದೆ, ತನ್ನ ಬಿಡುಗಡೆಗಾಗಿ ಯತ್ನಿಸಬೇಡಿರೆಂದು ಅವರು ಶಿಬಿರದಿಂದ ಬರೆದರು. 1944ರ ಮಾರ್ಚ್ 25ರಂದು ಅಲ್ಲಿಯೇ ತೀರಿಕೊಂಡರು. ಎರಡನೆಯ ಜಾನ್ ಪೌಲ ಪೋಪರು 1982ರಲ್ಲಿ ಕೋಲ್ಬೆಯವರನ್ನು ಸಂತರೆಂದು ಸಾರಿದರು; ಅವರೇ 2001ರಲ್ಲಿ ಉಕ್ರೇನಿನ ಲ್ವೀವ್ ನಗರದಲ್ಲಿ ಕೊವ್ಚರಿಗೆ ಧನ್ಯರ ಪದವಿಯಿತ್ತರು. ಹೃದಯವು ಅವಿಭಕ್ತವಾಗುವುದು ಸಂಸಾರವಿಲ್ಲದಿರುವುದರಿಂದಲೇ ಎಂಬ ವಾದವನ್ನು ಈ ಒಂದು ಪದವಿಯ ಮೂಲಕ ಧರ್ಮಸಭೆ ತಾನೇ ತಿದ್ದಿಕೊಂಡಿತೆನ್ನಬಹುದು.

ಪರಿಪತ್ರವು ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿತ್ತು. ಬೇರೆ ಕ್ರೈಸ್ತ ಪಂಥಗಳಿಂದ ಬರುವ ವಿವಾಹಿತ ಪಾದ್ರಿಗಳ ವಿಷಯವನ್ನು ಪ್ರತ್ಯೇಕವಾಗಿ ಯೋಚಿಸಬಹುದು, ಇದರಿಂದ ಕಟ್ಟಳೆ ಸಡಿಲವಾಯಿತೆಂದು ತಿಳಿಯಬಾರದು ಎಂದಿತ್ತು. ಅದರಂತೆ 1980ರಲ್ಲಿ ಅಮೆರಿಕದಲ್ಲಿಯೂ, 2009ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರ ವ್ಯವಸ್ಥೆಯಂತೆ ಇತರೆಡೆಗಳಲ್ಲಿಯೂ, ಆಂಗ್ಲಿಕನ್ ಮೂಲದ ವಿವಾಹಿತರು ಪತ್ನಿ ಮಕ್ಕಳೊಡನೆ ಕ್ಯಾಥೊಲಿಕ್ ಯಾಜಕರಾದರು. ಹೊರಗಿನಿಂದ ಬಂದವನಿಗೆ ಸಲ್ಲುವ ಅವಕಾಶ ಹುಟ್ಟಿನಿಂದ ಕ್ಯಾಥೊಲಿಕನಾದವನಿಗೆ ಸಲ್ಲದಾಯಿತು.

ಇತ್ತ ಭಕ್ತರ ಹಸಿವಿನ ಪ್ರಶ್ನೆಯೂ ಇದೆ. ಕ್ಯಾಥೊಲಿಕರಿಗೆ ಬಲಿಪೂಜೆ, ಪರಮಪ್ರಸಾದಗಳೇ ಧರ್ಮದ ಉಸಿರು. ಯಾಜಕನಿಲ್ಲದೆ ಅವು ಇಲ್ಲ. ಅಮೆಜಾನ್ ಅರಣ್ಯದ ಎಷ್ಟೋ ಹಳ್ಳಿಗಳಿಗೆ ಯಾಜಕನು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. 2019ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಅಮೆಜಾನ್ ಸಭೆಯು, ಆ ಪ್ರದೇಶದ ಪ್ರೌಢರಾದ ವಿವಾಹಿತರಿಗೆ ಯಾಜಕದೀಕ್ಷೆ ಕೊಡಬಹುದೆಂಬ ಸೂಚನೆಯನ್ನು 41ರ ವಿರುದ್ಧ 128 ಮತಗಳಿಂದ ಒಪ್ಪಿತು. 2020ರ ಫೆಬ್ರವರಿಯಲ್ಲಿ ಬಂದ ಫ್ರಾನ್ಸಿಸ್ ಪೋಪರ ಪತ್ರದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. 2023ರ ಸಂದರ್ಶನವೊಂದರಲ್ಲಿ ಅವರೇ ಈ ಕಟ್ಟಳೆಯನ್ನು ತಾತ್ಕಾಲಿಕವಾದ ವಿಧಿಯೆಂದು ಕರೆದರು. ಆದರೆ ಅದನ್ನು ಬದಲಿಸದೆ 2025ರ ಏಪ್ರಿಲಿನಲ್ಲಿ ದೈವಾಧೀನರಾದರು. ದೇವರು ಕೊಟ್ಟ ಪ್ರಸಾದಕ್ಕಿಂತ ಮನುಷ್ಯರು ಮಾಡಿದ ಕಟ್ಟಳೆ ಮೇಲಾಗಬಹುದೇ ಎಂಬ ಅಮೆಜಾನಿನ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ.

ವಿಮರ್ಶೆಯು ಒಂದೇ ಕಡೆಗೆ ವಾಲಬಾರದು. ಯಾಜಕರಿಂದ ಮಕ್ಕಳ ಮೇಲೆ ನಡೆದ ಘೋರ ಅತ್ಯಾಚಾರಗಳಿಗೆಲ್ಲ ಬ್ರಹ್ಮಚರ್ಯವೇ ಕಾರಣವೆಂದು ಹೇಳುವವರುಂಟು. ಅದು ಆತುರದ ಮಾತು. ಇಂಥ ಪಾತಕ ಸಂಸಾರಸ್ಥರಿಂದಲೂ ನಡೆಯುತ್ತದೆ. ಆಸ್ಟ್ರೇಲಿಯದ ರಾಯಲ್ ಆಯೋಗವು 2017ರ ವರದಿಯಲ್ಲಿ, ಬ್ರಹ್ಮಚರ್ಯವು ನೇರ ಕಾರಣವಲ್ಲ, ಆದರೆ ಇತರ ಕಾರಣಗಳೊಡನೆ ಕೂಡಿದಾಗ ಅಪಾಯವನ್ನು ಹೆಚ್ಚಿಸುತ್ತದೆಂದು ತೂಗಿ ಹೇಳಿತು. ಧರ್ಮಪ್ರಾಂತಗಳ ಯಾಜಕರಿಗೆ ಅದನ್ನು ಐಚ್ಛಿಕಗೊಳಿಸುವ ವಿಷಯವನ್ನು ವ್ಯಾಟಿಕನ್ ಪರಿಶೀಲಿಸಲೆಂದೂ ಸಲಹೆಯಿತ್ತಿತು. ಹಾಗೆಯೇ ಗೃಹಸ್ಥ ಯಾಜಕತ್ವವು ಸರ್ವರೋಗಕ್ಕೂ ಮದ್ದೆಂದು ಭ್ರಮಿಸುವುದೂ ಸಲ್ಲದು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮದುವೆಗೆ ಅಡ್ಡಿಯಿಲ್ಲ. ಆದರೂ ಎಷ್ಟೋ ಕಡೆ ಪಾದ್ರಿಗಳ ಕೊರತೆಯಿದೆ. ಉಕ್ರೇನಿನ ಗಲೀಷಿಯಾದಲ್ಲಿ ಯಾಜಕತ್ವವು ತಂದೆಯಿಂದ ಮಗನಿಗೆ ಇಳಿಯುವ ಮನೆತನದ ಸೊತ್ತಿನಂತಾದದ್ದೂ ಉಂಟು. ಬಡ ಊರೊಂದು ಒಬ್ಬ ಬ್ರಹ್ಮಚಾರಿಯನ್ನು ಸಾಕಬಲ್ಲುದು. ಒಂದು ಕುಟುಂಬವನ್ನು ಸಾಕುವುದು ಕಷ್ಟ. ಪಾದ್ರಿಯ ಹೆಂಡತಿ ಊರಿನ ಎಲ್ಲರ ಕಣ್ಣಿಗೂ ಗುರಿಯಾಗಿ ಬಾಳಬೇಕಾಗುತ್ತದೆ.

ಆದುದರಿಂದ ಬ್ರಹ್ಮಚರ್ಯವನ್ನು ತೆಗೆದುಹಾಕಿರೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಪೌರಸ್ತ್ಯ ಸಭೆಗಳಲ್ಲಿ ಗೃಹಸ್ಥ ಯಾಜಕರಿದ್ದಾರೆಂದು ಅಲ್ಲಿಯ ಸನ್ಯಾಸಿಗಳ ಗೌರವ ಕುಗ್ಗಿಲ್ಲ; ಗ್ರೀಸಿನ ಆಥೋಸ್ ಪರ್ವತದ ಮಠಗಳಲ್ಲಿ ಶತಮಾನಗಳಿಂದ ಬ್ರಹ್ಮಚಾರಿಗಳು ತಪಸ್ಸು ಮಾಡುತ್ತಿದ್ದಾರೆ. ಮದುವೆಯ ದಾರಿ ತೆರೆದಿದ್ದೂ ಅದನ್ನು ಹಿಡಿಯದವನ ತ್ಯಾಗವನ್ನು ಜನ ತ್ಯಾಗವೆಂದು ಗುರುತಿಸುತ್ತಾರೆ. ಆ ದಾರಿಯನ್ನು ಮುಚ್ಚಿದಾಗ, ನಿಜವಾದ ವ್ರತಸ್ಥನನ್ನೂ ವಿಧಿಗೆ ತಲೆಬಾಗಿ ಒಳಗೊಳಗೇ ಬೇಯುವವನನ್ನೂ ಒಂದೇ ಅಂಗಿಯೊಳಗೆ ಗುರುತಿಸಲಾಗುವುದಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಾವಿರಾರು ಯಾಜಕರು ಮದುವೆಯಾಗಲೆಂದು ಆ ಅಂಗಿಯನ್ನು ಕಳಚಿ ಹೋದರು. ಅವರಲ್ಲಿ ಒಳ್ಳೆಯ ಬೋಧಕರಿದ್ದರು, ಒಳ್ಳೆಯ ಸೇವಕರಿದ್ದರು. ಅವರು ಬಿಟ್ಟದ್ದು ದೇವರನ್ನಲ್ಲ. ಪರಿಪತ್ರವು ಅವರಿಗಾಗಿ ಮರುಗುತ್ತದೆ, ಅವರ ಮೇಲೆ ಕರುಣೆ ತೋರಿರೆನ್ನುತ್ತದೆ. ಪರಿಪತ್ರದಲ್ಲಿ ಈ ಮರುಕವಿರುವುದು ನಿಜ. ಆದರೆ ಅವರನ್ನು ಆ ಸ್ಥಿತಿಗೆ ತಂದ ಕಟ್ಟಳೆಯನ್ನು ಪ್ರಶ್ನಿಸುವ ಧೈರ್ಯ ಅದಕ್ಕೆ ಸಾಲಲಿಲ್ಲ.